ಹದಿನೆಂಟರ ಬಿಸಿಲು

ಬಿಟ್ಟಂಗಾಲ,
ಕಕ್ಕಡ ತಿಂಗಳ ಇಪ್ಪತ್ತು. ತೋಟದ ರೈಟರ ಲೆಕ್ಕಕ್ಕೆ ೧೯೩೧ನೇ ಇಸವಿ, ಆಗಸ್ಟ್ ಐದು.

ಪ್ರೀತಿಯ ಮೊಮ್ಮಗಳು ಚೋಮಿಗೆ ಅಜ್ಜಿ ಬರೆಯುವುದು.

ಮೈ ಹೇಗಿದೆ? ಕಾಲಿನ ಊತ ಇಳಿಯಿತೇ? ನಿನ್ನ ಅತ್ತೆ ಬಿಸಿನೀರು ಕಾಯಿಸಿ ಕೊಡುತ್ತಾಳೋ, ಇಲ್ಲ ಬಸುರಿ ಹುಡುಗಿಯ ತಲೆ ಮೇಲೆಯೇ ಸೌದೆ ಹೊರಿಸುತ್ತಾಳೋ? ಇದನ್ನು ಅವಳಿಗೆ ಓದಿ ಹೇಳುವುದಾದರೆ ಹೇಳು, ನನಗೇನೂ ಹೆದರಿಕೆಯಿಲ್ಲ. ಪಾಚಿ ಕಟ್ಟಿದ ಅಂಗಳದಲ್ಲಿ ಒಬ್ಬಳೇ ಓಡಾಡಬೇಡ. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಮುಂದಿನ ಸಾಲು ಬರೆಯಬೇಕು. ಬರೆಯಲು ಕೈ ಏಳುತ್ತಿಲ್ಲ. ನಿನ್ನ ಅಪ್ಪ ಬೀರ ಹದಿನೆಂಟರ ಬೆಳಿಗ್ಗೆ ನಿನಗೆಂದು ಮದ್ದುಸೊಪ್ಪಿನ ಪಾಯಸ ಹಿಡಿದು ಹೊರಟ. ಬಂದು ಮುಟ್ಟಿದನೇ? ಇವತ್ತಿನವರೆಗೂ ನಮಗೆ ಸುದ್ದಿಯಿಲ್ಲ.

ಆ ಸೊಪ್ಪು ನಿಮ್ಮ ಬಾಳೆಲೆ ಊರಿನ ಒಣ ನೆಲದಲ್ಲಿ ಹುಟ್ಟುವುದಿಲ್ಲವೆಂದು ಮೊದಲೇ ಬರೆದಿದ್ದೆಯಲ್ಲ. ಇಲ್ಲಿ ನಿನ್ನ ಅಮ್ಮ ಮುದ್ದಿ ಬದುಕಿದ್ದಾಗ ಬೇಲಿಗೆ ನೆಟ್ಟದ್ದು ಕಾಡಿನ ಹಾಗೆ ಬೆಳೆದಿದೆ. ಕಕ್ಕಡ ಹದಿನೆಂಟರ ದಿನ ಮಾತ್ರ ಅದರಲ್ಲಿ ಹದಿನೆಂಟು ಮದ್ದು ಸೇರುತ್ತದೆ, ಮರುದಿನ ಅದು ಬರೀ ಹಸುವಿನ ಮೇವು. ಚೊಚ್ಚಲ ಬಸುರಿಗೆ ತವರಿನ ಪಾಯಸ ಆ ದಿನವೇ ಹೋಗಬೇಕು, ತಾಯಿ ಇಲ್ಲದವಳಿಗೆ ತಂದೆಯೇ ಹೊರಬೇಕು. ನಿನ್ನ ಅಪ್ಪ ಇದನ್ನು ತಿಂಗಳಿಂದ ತಲೆಗೆ ಹತ್ತಿಸಿಕೊಂಡು ಕೂತಿದ್ದ. ನಾಟಿ ಕೆಲಸ ಅರ್ಧ ಬಿಟ್ಟ. ನಾನು ಸೊಪ್ಪು ಬೇಯಿಸಿ ಸೋಸಿ, ಆ ನೇರಳೆ ನೀರಿನಲ್ಲಿ ಅಕ್ಕಿ ಹಾಕಿ, ಬೆಲ್ಲ, ಕಾಯಿಹಾಲು ಬೆರೆಸಿ, ಮುಚ್ಚಳದ ಹಿತ್ತಾಳೆ ಪಾತ್ರೆಗೆ ಬಟ್ಟೆ ಬಿಗಿದು ಕೊಟ್ಟೆ.

ಹದಿನೆಂಟು ಎಂದರೆ ಎಲ್ಲರಿಗೂ ಸೊಪ್ಪು. ನನಗೆ ಆಕಾಶ. ನಾನು ಈ ಮನೆಗೆ ಬಂದ ವರ್ಷದ ಹದಿನೆಂಟರಂದು ಎಂಥ ಕತ್ತಲೆ ಕವಿದಿತ್ತೆಂದರೆ, ಕೋಳಿಗಳು ಮಧ್ಯಾಹ್ನವೇ ಗೂಡು ಸೇರಿದವು, ನನ್ನ ಅತ್ತೆ ಊಟಕ್ಕೆ ದೀಪ ಹಚ್ಚಿದರು. ನಿನ್ನ ಅಪ್ಪ ಅಂಬೆಗಾಲಿಡುತ್ತಿದ್ದ ವರ್ಷ ಅದೇ ದಿನ ಹನಿ ಮಳೆಯಿಲ್ಲ, ಗದ್ದೆಯಲ್ಲಿ ಸಸಿ ಬಾಡಿ ಮಲಗಿತ್ತು. ದೊಡ್ಡ ನೆರೆ ಬಂದ ವರ್ಷ ಎಲ್ಲರೂ ಹೆದರಿ ಕೂತಿದ್ದರೆ ಹದಿನೆಂಟು ತೊಳೆದ ಬಟ್ಟಲ ಹಾಗೆ ಬೆಳಗಿತು, ಸಂಜೆ ದೀಪದ ಹೊತ್ತು ದಾಟಿದರೂ ಬೆಳಕು ಹೋಗಲೇ ಇಲ್ಲ. ನೀನು ಹುಟ್ಟಿದ ವರ್ಷ ಗಾಳಿ; ಹಟ್ಟಿಯ ಹುಲ್ಲು ಹಾರಿ ತೋಟದ ಕೂಲಿಯವರ ಲೈನ್ ಮನೆಗಳ ಮೇಲೆ ಬಿತ್ತು. ಒಂದೇ ದಿನ, ಒಂದು ವರ್ಷ ತೋರಿಸಿದ ಮುಖ ಇನ್ನೊಂದು ವರ್ಷ ತೋರಿಸುವುದಿಲ್ಲ. ರೈಟರ್ ಗಜಾನನರಾಯರು ಮಾತ್ರ ತೋಟದ ದೊರೆಯ ಬಂಗಲೆ ಮುಂದೆ ಹೂತಿಟ್ಟ ಬಾಟಲಿಯಲ್ಲಿ ಮಳೆ ಅಳೆಯುತ್ತಾರಲ್ಲ, ಅವರು ನಿನ್ನ ಅಪ್ಪನಿಗೆ ಹೇಳಿದ್ದರಂತೆ: "ಈ ತಾರೀಕಿಗೆ ಮಳೆ ಬಿಡುವು ಕೊಡೋದೇ ಹೆಚ್ಚು, ಧೈರ್ಯವಾಗಿ ಹೋಗು ಬೀರ." ನಾನು, ದಿನವಿಡೀ ಸುರಿಯುತ್ತದೆ, ನೋಡುತ್ತಿರು ಎಂದಿದ್ದೆ.

ಸುರಿಯಲಿಲ್ಲ. ಬೆಳಕು ಹರಿಯುವಾಗ ಮಳೆ ನಿಂತಿತು. ದನ ಬಿಡುವ ಹೊತ್ತಿಗೆ ಎಷ್ಟೋ ದಿನದಿಂದ ಕಾಣದ ಬಿಸಿಲು ಅಂಗಳಕ್ಕೆ ಬಂತು, ನೆಲದಿಂದ ಹೊಗೆಯೇಳುವ ಹಾಗೆ ಆವಿ ಎದ್ದಿತು. ನಿನ್ನ ಅಪ್ಪ ನನ್ನ ಮುಖ ನೋಡಿ ನಕ್ಕ. "ಏನವ್ವ, ನಿನ್ನ ಮಳೆ ಎಲ್ಲಿ? ವಿರಾಜಪೇಟೆ ಸಂತೆಗೆ ಹೋಯ್ತಾ?" ಎಂದ. ನನಗೆ ಮೈಯೆಲ್ಲ ಉರಿಯಿತು. ಬಿಸಿಲು ಇಲ್ಲಿದೆ, ಬಾಳೆಲೆ ದಾರಿಯ ಹೊಳೆಗೆ ನೀರು ಬರುವುದು ಬ್ರಹ್ಮಗಿರಿಯಿಂದ, ಆ ಕಡೆ ನೋಡು, ಮಸಿ ಬಳಿದ ಹಾಗಿದೆ, ದೋಣಿ ಬೇಡ, ಸೇತುವೆ ದಾರಿಯಲ್ಲಿ ಸುತ್ತಿ ಹೋಗು ಎಂದೆ. ಸುತ್ತಿದರೆ ಹತ್ತೊಂಬತ್ತು ಆಗುತ್ತದೆ, ಆಮೇಲೆ ಪಾಯಸ ಯಾರಿಗೆ, ನಿನಗಾ ಎಂದ. ಹೋಗು, ಬಾಟಲಿ ರಾಯರು ಬಂದು ಹೊಳೆ ದಾಟಿಸುತ್ತಾರೆ ಎಂದೆ. "ನಿನ್ನ ಬಾಯಿಗಿಂತ ಮಳೇನೇ ವಾಸಿ ಕಣವ್ವ, ಅದಾದ್ರೂ ನಡುವೆ ನಿಲ್ಲುತ್ತೆ" ಎಂದು ಹೇಳಿ ಗೇಟು ದಾಟಿದ. ಬೆನ್ನ ಮೇಲೆ ಮಳೆಗೆ ಹೊದೆಯುವ ಎಲೆಯ ಗೊರಬು, ಕೈಯಲ್ಲಿ ಪಾತ್ರೆ. ಕಾಫಿಗಿಡಗಳ ತಿರುವಿನಲ್ಲಿ ಗೊರಬಿನ ತುದಿ ಕಾಣುವವರೆಗೆ ನೋಡಿದೆ. ಅವನು ತಿರುಗಿ ನೋಡಲಿಲ್ಲ, ನಾನೂ ಕರೆಯಲಿಲ್ಲ.

ಆ ದಿನದ ಬೆಳಕನ್ನು ಏನೆಂದು ಹೇಳಲಿ. ಮುಗಿಯಲೇ ಇಲ್ಲ. ಕತ್ತಲಾದರೆ ಅವನು ನಿನ್ನ ಮನೆಯ ಒಲೆ ಮುಂದೆ ಕೂತಿದ್ದಾನೆ ಎಂದುಕೊಂಡು ಸುಮ್ಮನಿರಬಹುದಿತ್ತು. ಬಿಸಿಲು ಬಿದ್ದಷ್ಟು ಹೊತ್ತೂ ಅವನು ದಾರಿಯಲ್ಲೇ ಇದ್ದಾನೆ ಅನ್ನಿಸುತ್ತಿತ್ತು. ಬ್ರಹ್ಮಗಿರಿ ಕಡೆಯ ಮಸಿ ಮಾತ್ರ ಇದ್ದಲ್ಲೇ ಇತ್ತು. ಹತ್ತೊಂಬತ್ತರ ಸಂಜೆಗೆ ವಾಪಸು ಬರಬೇಕಿತ್ತು. ಬರಲಿಲ್ಲ. ಮಗಳ ಮನೆಯಲ್ಲಿ ಒಂದು ರಾತ್ರಿ ಹೆಚ್ಚು ಉಳಿದಿರಬಹುದು, ನಿನ್ನ ಅತ್ತೆ ಕೋಳಿ ಕೊಯ್ದಿರಬಹುದು, ಅವಳಿಗೂ ಒಮ್ಮೊಮ್ಮೆ ಒಳ್ಳೆ ಬುದ್ಧಿ ಬರುತ್ತದೆ. ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಕಾಳ ತೋಟದ ಲಾರಿ ಹತ್ತಿ ಹೊಳೆಯವರೆಗೆ ನೋಡಿಬರಲು ಹೋಗಿದ್ದಾನೆ. ಮಳೆ ಮತ್ತೆ ಹಿಡಿದಿದೆ. ಟಪ್ಪಾಲು ಸೇತುವೆ ದಾರಿಯಲ್ಲಿ ಬರುವುದರಿಂದ ಈ ಕಾಗದ ನಿನಗೆ ತಲುಪುತ್ತದೆ.

ಪಾಯಸ ಸಿಕ್ಕಿದ್ದರೆ ತಿಂದೆಯಾ? ಉಚ್ಚೆ ಕೆಂಪಾಯಿತೇ? ಆದರೆ ಮದ್ದು ಹಿಡಿಯಿತೆಂದು ಅರ್ಥ, ಹೆದರಬೇಡ. ಅಳಿಯನಿಗೆ ನಾನು ಕೇಳಿದೆನೆಂದು ತಿಳಿಸು. ನಿನ್ನ ಅತ್ತೆಗೂ ಹೇಳು, ಇರಲಿ. ಹೊಟ್ಟೆಯಲ್ಲಿರುವುದು ಗಟ್ಟಿಯಾಗಿ ಹೊರಬರಲಿ, ನಿನ್ನ ಅಪ್ಪನ ಮೊಂಡುತನವೊಂದು ಬಿಟ್ಟು ಮಿಕ್ಕದ್ದೆಲ್ಲ ಅದಕ್ಕೆ ಬರಲಿ.

ನಿನ್ನ ಅಜ್ಜಿ,
ಬೋಜಮ್ಮ

ಮತ್ತೆ: ಟಪ್ಪಾಲಿನವನು ಜಗಲಿಯಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕಾಳ ಈಗ ಬಂದ. ನೀರು ಏರಿದ್ದರಿಂದ ದೋಣಿಯನ್ನು ಹದಿನೆಂಟರಿಂದಲೇ ಕಟ್ಟಿಹಾಕಿದ್ದಾರಂತೆ. ನಿನ್ನ ಅಪ್ಪ ಮಧ್ಯಾಹ್ನದವರೆಗೆ ದೋಣಿಯವನ ಗುಡಿಸಲಲ್ಲಿ ಕಾದು, ಹೊತ್ತು ಇಳಿಯುತ್ತಿದೆ ಎಂದು ಹೇಳಿ, ಮೇಲುಗಡೆ ಹೊಳೆ ದಾಟಲು ಮರದ ಸಂಕವಿದೆಯೆಂದು ಪಾತ್ರೆ ಹಿಡಿದು ನಡೆದನಂತೆ. ಬಿಸಿಲಿದೆಯಲ್ಲ, ಬರುವಾಗ ತೆಗೆದುಕೊಳ್ಳುತ್ತೇನೆ ಎಂದು ಗೊರಬನ್ನು ಅಲ್ಲೇ ಬಿಟ್ಟಿದ್ದಾನೆ. ಕಾಳ ಅದನ್ನು ತಂದು ನನ್ನ ಮುಂದೆ ಇಟ್ಟಿದ್ದಾನೆ. ಒಂದು ಹನಿಯೂ ತಾಗಿಲ್ಲ. ಸಂಕ ಈಗ ಇಲ್ಲವಂತೆ, ಯಾವಾಗ ಹೋಯಿತೆಂದು ಯಾರೂ ನೋಡಿಲ್ಲ. ಚೋಮಿ, ಅಪ್ಪ ಅಲ್ಲಿದ್ದರೆ ಎರಡು ಸಾಲು ಬರೆದು ಈ ಟಪ್ಪಾಲಿನವನ ಕೈಯಲ್ಲೇ ಕೊಡು; ಅವ್ವ ಬೈಯುವುದಿಲ್ಲವಂತೆ ಎಂದು ಅಪ್ಪನಿಗೆ ಹೇಳು. ಇಲ್ಲದಿದ್ದರೆ ನೀನು ಏನೂ ಬರೆಯಬೇಡ. ಹೊಟ್ಟೆಯಲ್ಲಿ ಕೂಸನ್ನು ಇಟ್ಟುಕೊಂಡು ಆ ಮಾತು ಬರೆಯಬಾರದು. ಇವನು ಬರಿಗೈಯಲ್ಲಿ ಬಂದರೆ ನನಗೆ ತಿಳಿಯುತ್ತದೆ.