ಹುತ್ತದ ಮೇಲೆ ಬಿದ್ದ ಚೆಂಡು, ಚರಿತ್ರೆಯಲ್ಲಿ ಬಿದ್ದ ಸುಳ್ಳು

ರಾಷ್ಟ್ರೀಯ ಮುಕ್ತ ಗಾಲ್ಫ್ ಪಂದ್ಯದ ಚರಿತ್ರೆಯನ್ನು ಅಚ್ಚು ಹಾಕಿಸಿದ ಕಾರ್ಯದರ್ಶಿಗಳಿಗೆ, ಈ ಪತ್ರಿಕೆಯ ಮೂಲಕ,

ಮಾನ್ಯರೇ, ಇವತ್ತು ಕಾರ್ತಿಕ ಸೋಮವಾರ, ನನಗೆ ಉಪವಾಸ. ಕೊಟ್ಟಿಗೆ ಬಾಚಿ, ಎರಡು ಹಸುವಿನ ಹಾಲು ಕರೆದು, ಲಿಂಗಪೂಜೆ ಮುಗಿಸಿ ಈ ಕಾಗದಕ್ಕೆ ಕೂತಿದ್ದೇನೆ. ಉಪವಾಸದ ದಿನ ಸುಳ್ಳು ಹೇಳಬಾರದು, ಯಾರನ್ನೂ ಬಯ್ಯಬಾರದು. ಮೊದಲನೆಯದನ್ನು ಖಂಡಿತ ಪಾಲಿಸುತ್ತೇನೆ.

ನೀವು ಈ ವರ್ಷ ಹೊರತಂದ ಚರಿತ್ರೆಯ ನಲವತ್ತೊಂದನೇ ಪುಟದಲ್ಲಿ, 1977ರ ಪಂದ್ಯದ ವಿಷಯ ಬರೆಯುತ್ತ, "ಕೊನೆಯ ದಿನ ಒಬ್ಬ ಕ್ಯಾಡಿ ಹುತ್ತಕ್ಕೆ ಹೆದರಿ ಆಟ ಬಿಟ್ಟು ಹೋದದ್ದು ನೋಡುಗರಿಗೆ ಮೋಜು ತಂದಿತು" ಎಂದಿದ್ದೀರಿ. ನಮ್ಮೂರ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರು ಚಂದ್ರಶೇಖರ ಅದನ್ನು ನನಗೆ ಕನ್ನಡ ಮಾಡಿ ಓದಿ ಹೇಳಿದರು. ಆ 'ಒಬ್ಬ' ನನ್ನ ಒಡಹುಟ್ಟಿದ ತಮ್ಮ, ಪಂಚನಹಳ್ಳಿಯ ಬೆನಕಪ್ಪ. ಅವನು ಹೆದರಲಿಲ್ಲ, ಬಿಟ್ಟೂ ಹೋಗಲಿಲ್ಲ. ಮೋಜು ಮಾತ್ರ ನಿಜ. ಅದನ್ನು ತಂದವಳು ನಾನು.

ಒಂದು ಸಾಲಿಗೆ ಇಷ್ಟೇಕೆ ಕುಣಿಯುತ್ತೀಯಮ್ಮ ಎನ್ನುತ್ತೀರೇನೋ. ಬೆನಕಪ್ಪ ಒಂದು ಕ್ಲಬ್ಬಿನಲ್ಲಿ ಗಾಲ್ಫ್ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. "ಯಾವ ವರ್ಷ ಆಡಿದ್ದೆ?" ಎಂದರಂತೆ. "ಎಪ್ಪತ್ತೇಳು" ಎಂದನಂತೆ. "ಓ, ಆ ಹುತ್ತದವನಾ?" ಎಂದು ಅವರು ನಿಮ್ಮ ಪುಸ್ತಕ ತೆರೆದು, "ನಡುವೆ ಬಿಟ್ಟು ಹೋಗೋನು ಹುಡುಗರಿಗೆ ಏನಪ್ಪಾ ಕಲಿಸ್ತೀಯ?" ಎಂದರಂತೆ. ಮುಂದಿನ ತಿಂಗಳು ಹತ್ತನೇ ತಾರೀಕು ಅವರ ತೀರ್ಮಾನ. ಇಪ್ಪತ್ತು ವರ್ಷ ಕಂಡವರ ಕೋಲಿನ ಚೀಲ ಹೊತ್ತವನಿಗೆ ಒಂದು ದಿನ ತನ್ನ ಕೋಲು ಹಿಡಿದು ನಿಂತು ಕಲಿಸುವ ಯೋಗ ಬಂದರೆ, ಅದಕ್ಕೆ ಅಡ್ಡ ಮಲಗಿರುವುದು ನಿಮ್ಮ ಒಂದು ಸಾಲು.

ನಡೆದದ್ದು ಹೇಳುತ್ತೇನೆ, ಕೇಳಿ. ಆಟಗಾರರ ಚೀಲ ಹೊರುವ ಕ್ಯಾಡಿಯೂ ಆಡಬಹುದಾದ್ದರಿಂದಲೇ ಅದಕ್ಕೆ ಮುಕ್ತ ಪಂದ್ಯ ಎಂದು ಹೆಸರಂತೆ. ನಾನೂ ನಮ್ಮ ಯಜಮಾನರು ತೀರ್ಥಪ್ಪನವರೂ ಕಡೂರಿನಲ್ಲಿ ರೈಲು ಹತ್ತಿ ನೋಡಲು ಹೋದೆವು. ಮೈದಾನದೊಳಗೆ ಕಾಲಿಟ್ಟವರೇ ಯಜಮಾನರು, "ಇವ್ಳೇ, ಇಷ್ಟು ಹುಲ್ಲು! ಒಂದು ದನ ಇಲ್ವಲ್ಲೇ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಹದಿನೆಂಟು ಗುಂಡಿಗೆ ಚೆಂಡು ಬೀಳಿಸಲು ಕಡಿಮೆ ಏಟು ಹೊಡೆದವನೇ ಗೆದ್ದಂತೆ ಎಂದು ತಮ್ಮ ವಿವರಿಸಿದ. ಕಡಿಮೆ ಕೆಲಸ ಮಾಡಿದವರಿಗೆ ಬಹುಮಾನ ಕೊಡುವುದು ಕಚೇರಿಗಳಲ್ಲಿ ಮಾತ್ರ ಎಂದುಕೊಂಡಿದ್ದೆ ನಾನು.

ಹದಿಮೂರನೇ ಗುಂಡಿಯ ಹತ್ತಿರ ಬೆನಕಪ್ಪನ ಚೆಂಡು ಹಾರಿ ಹೋಗಿ ಒಂದು ಹುತ್ತದ ಬಾಯಿಗೇ ಕೂತಿತು. ಸೊಂಟದೆತ್ತರದ ಚೆಂದದ ಹುತ್ತ. ಇವನು ಹತ್ತಿರ ಹೋಗಿ ಕೋಲು ಎತ್ತಿದ.

"ಲೇ ಬೆನಕ, ಕೋಲು ಇಳ್ಸೋ! ಹುತ್ತ ಕಣೋ ಅದು!" ಎಂದು ಕೂಗಿಬಿಟ್ಟೆ.

"ಸುಮ್ನಿರೇ, ಇಲ್ಲಿ ಕೆಮ್ಮೋ ಹಂಗೂ ಇಲ್ಲ!" ಎಂದು ಯಜಮಾನರು ಸೆರಗು ಜಗ್ಗಿದರು. ನಾನು ನಿಲ್ಲಲಿಲ್ಲ. ಹಗ್ಗದ ಕೆಳಗೆ ನುಸುಳಿ ಓಡಿದೆ. ಚಪ್ಪಲಿ ಬಿಟ್ಟು, ಪ್ರಯಾಣಕ್ಕೆಂದು ಫ್ಲಾಸ್ಕಿನಲ್ಲಿ ತಂದಿದ್ದ ಹಾಲನ್ನು ಹುತ್ತಕ್ಕೆ ಎರೆದೆ. ನಾಗಪ್ಪನಿಗೆ ಹಸಿ ಹಾಲೇ ಆಗಬೇಕು, ಇದು ಕಾಯಿಸಿದ್ದು, ಸಾಲದ್ದಕ್ಕೆ ಸಕ್ಕರೆ ಬೇರೆ ಹಾಕಿದ್ದು ಎಂದು ಎರೆದ ಮೇಲೆ ನೆನಪಾಯಿತು. ಅಲ್ಲೇ ಕೆನ್ನೆ ಬಡಿದುಕೊಂಡೆ. ನಾಲ್ಕು ಸಾವಿರ ಜನ ನಕ್ಕರು. ತಮ್ಮನ ಜೊತೆ ಆಡುತ್ತಿದ್ದ ಪರದೇಶದವನು ಮಾತ್ರ ನಗಲಿಲ್ಲ. ಪಾಪ, ಅದೂ ಒಂದು ನಿಯಮವೆಂದು ತಿಳಿದು ಟೋಪಿ ತೆಗೆದು ಕೈ ಮುಗಿದ.

ತೀರ್ಪುಗಾರರು ಬಂದರು. "ಹೊಡೆಯೋದಾದ್ರೆ ಹೊಡಿ. ಚೆಂಡು ಎತ್ತಿಟ್ರೆ ಒಂದು ಏಟು ದಂಡ," ಎಂದರು.

"ಹಾಕ್ಕೊಳ್ಳಿ ಸ್ವಾಮಿ. ನಾಗಪ್ಪನ ಮನೆ ಮೇಲೆ ನಾನು ಕೋಲು ಎತ್ತಲ್ಲ," ಎಂದ ಬೆನಕಪ್ಪ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಅಕ್ಕಾ, ನಿಂಗೆ ಕೈ ಮುಗೀತೀನಿ, ಇನ್ನು ಮುಂದಿನ ಗುಂಡಿಗಳಿಗೂ ಪೂಜೆಗೆ ಬರಬೇಡ," ಎಂದ. ಚೆಂಡನ್ನು ಪಕ್ಕಕ್ಕಿಟ್ಟು ಹೊಡೆದ. ಹದಿನೆಂಟೂ ಗುಂಡಿ ಮುಗಿಸಿದ. ಹನ್ನೊಂದನೆಯವನಾಗಿ ಬಂದ, ಆ ಒಂದು ಏಟು ಇಲ್ಲದಿದ್ದರೆ ಮೊದಲ ಹತ್ತರಲ್ಲಿ ಇರುತ್ತಿದ್ದ. ಇದು ಬಿಟ್ಟು ಹೋಗುವುದೇ ಮಾನ್ಯರೇ? ಗೆಲ್ಲುವುದಕ್ಕಾಗಿ ಏನನ್ನೂ ತುಳಿಯುವವರ ನಡುವೆ, ತಾನು ನಂಬಿದ್ದಕ್ಕೆ ದಂಡ ತೆತ್ತು, ಮತ್ತೆ ಆಡಿ ಮುಗಿಸಿದವನನ್ನು ಹೇಡಿ ಎನ್ನುತ್ತಾರೆಯೇ?

ಇನ್ನೊಂದು ಸ್ವಾರಸ್ಯ. ನಿಮ್ಮ ನಿಯಮದ ಪುಸ್ತಕವನ್ನೂ ಮೇಷ್ಟರು ಓದಿದರು. ಹರಿದಾಡುವ ಪ್ರಾಣಿ ಮಾಡಿದ ಬಿಲದಲ್ಲಿ ಚೆಂಡು ಬಿದ್ದರೆ ದಂಡವಿಲ್ಲದೆ ಎತ್ತಿಡಬಹುದಂತೆ! ಹುತ್ತ ಕಟ್ಟಿದ್ದು ಗೆದ್ದಲು, ಹಾವಲ್ಲ ಎನ್ನುತ್ತೀರಾ? ನಿಮ್ಮ ಬಂಗಲೆ ಕಟ್ಟಿದ್ದು ಗಾರೆಯವನು. ಅದನ್ನು ನೀವು ಯಾರ ಮನೆ ಎನ್ನುತ್ತೀರಿ? ಇರಲಿ, ಆ ಏಟನ್ನು ವಾಪಸು ಕೇಳುವುದಿಲ್ಲ. ದೇವರಿಗೆ ಬಿಟ್ಟದ್ದನ್ನು ಕೇಳಿ ಪಡೆಯುವ ವಂಶ ನಮ್ಮದಲ್ಲ.

ನಿಮ್ಮ ಚರಿತ್ರೆಯಲ್ಲಿ ಯಾವ ವರ್ಷದ ಔತಣದಲ್ಲಿ ಯಾವ ಸಾರು ಬಡಿಸಿದರು ಎಂಬುದೂ ಇದೆ. ಚೀಲ ಹೊತ್ತವರ, ಹುಲ್ಲು ಕತ್ತರಿಸಿದವರ ಒಂದು ಹೆಸರಿಲ್ಲ. ಸಾರಿಗಿಂತ ನನ್ನ ತಮ್ಮ ಕಡೆಯೇ?

ಆದ್ದರಿಂದ ನನ್ನ ಬೇಡಿಕೆ: ಒಂದು ಚೀಟಿ ಅಚ್ಚು ಹಾಕಿಸಿ ಆ ಸಾಲಿನ ಮೇಲೆ ಅಂಟಿಸಿ. "ಪಂಚನಹಳ್ಳಿಯ ಬೆನಕಪ್ಪ ದಂಡ ಒಪ್ಪಿಕೊಂಡು ಆಟ ಪೂರೈಸಿ ಹನ್ನೊಂದನೆಯವನಾದ" ಎಂದಿದ್ದರೆ ಸಾಕು. ಹತ್ತನೇ ತಾರೀಕಿನೊಳಗೆ ಅದೇ ಮಾತನ್ನು ಮೊಹರು ಹಾಕಿ ಆ ಕ್ಲಬ್ಬಿಗೆ ಕಳಿಸಿ. ಸಾಕ್ಷಿ ಬೇಕೆಂದರೆ, ನಿಮ್ಮ ತೀರ್ಪುಗಾರರೇ ರುಜು ಹಾಕಿದ ಅವತ್ತಿನ ಏಟಿನ ಲೆಕ್ಕದ ಚೀಟಿ ನನ್ನ ಹತ್ತಿರ ಇದೆ. ಅಂಚೆಯಲ್ಲಿ ಕಳಿಸುವುದಿಲ್ಲ, ಬಂದು ನೋಡಿ, ಊಟ ಹಾಕಿಯೇ ಕಳಿಸುತ್ತೇನೆ. ಸೋಮವಾರ ಮಾತ್ರ ಬರಬೇಡಿ.

ಇಂತಿ, ಐವತ್ತಕ್ಕೆ ಬಂದ ಮೇಲೆ ಕಚೇರಿಯೊಂದಿಗೆ ಜಗಳ ಕಲಿಯುತ್ತಿರುವ,
ಬೆನಕಪ್ಪನ ಅಕ್ಕ ಗುರುಶಾಂತಮ್ಮ,
ಸಿಂಗಟಗೆರೆ ಅಂಚೆ, ಕಡೂರು ತಾಲ್ಲೂಕು

ಈ ಪತ್ರಿಕೆ ಓದುವ ನಮ್ಮ ಕಡೆಯವರಲ್ಲಿ ಒಂದು ವಿನಂತಿ: ನಮ್ಮ ತೋಟದ ಮನೆಯವರೆಗೆ ಅಂಚೆಯಣ್ಣನ ಸೈಕಲ್ ಬರುವುದಿಲ್ಲ. ಸಿಂಗಟಗೆರೆ ಸಂತೆಗೆ ಹೋದವರು ಯಾರಾದರೂ ಅಂಚೆ ಮನೆಯಲ್ಲಿ ನನ್ನ ಹೆಸರಿಗೆ ಉತ್ತರ ಬಂದಿದೆಯೇ ಎಂದು ಕೇಳಿ, ಬಂದಿದ್ದರೆ ದಯವಿಟ್ಟು ಅವತ್ತೇ ತಂದುಕೊಡಿ.