ಬ್ರೇಕಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಅಕರೋವಾ,
೭ ಅಕ್ಟೋಬರ್ ೨೦೨೫, ಮಂಗಳವಾರ

ಐಶ್ವರ್ಯಾಳ ಅಪ್ಪಾಜಿಯವರಿಗೆ ನೀಲಗಂಗಾಳ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲು ಹೇಗಿದೆ? ಬೆಳಗಿನ ಸಕ್ಕರೆ ಗುಳಿಗೆ ತಪ್ಪಿಸುತ್ತಿಲ್ಲವಷ್ಟೇ? ಅಲ್ಲಿ ಗದಗಿನಲ್ಲಿ ನಿಮ್ಮ ತಂಗಿ ಪ್ರೀತಿಯಿಂದ ಬಡಿಸುತ್ತಾಳೆ, ನೀವು ಪ್ರೀತಿಯಿಂದ ಉಣ್ಣುತ್ತೀರಿ, ನಡುವೆ ಸಾಕು ಅನ್ನುವವಳು ನಾನೊಬ್ಬಳು ಇಲ್ಲಿ ಕುಳಿತಿದ್ದೇನೆ. ನಾವೆಲ್ಲ ಆರಾಮ ಇದ್ದೇವೆ. ಮಗಳಿಗೆ ಕ್ಲಿನಿಕ್ಕಿನಲ್ಲಿ ಕೈತುಂಬ ಕೆಲಸ. ತಾರಾಳ ರಜೆ ಮುಗಿದು ನಿನ್ನೆ ಶಾಲೆ ಶುರುವಾಯಿತು. ಈ ಪರದೇಶದಲ್ಲಿ ದಸರೆಗೆ ಬನ್ನಿ ಎಲ್ಲಿಂದ ತರಲಿ? ಹಿತ್ತಲಿನ ಹಳದಿ ಹೂವಿನ ಕೊವ್ಹಾಯ್ ಗಿಡದ ಎಲೆ ಕಿತ್ತು ಬಂಗಾರ ಎಂದು ತಾರಾಳ ಕೈಗಿಟ್ಟೆ. 'ಅಜ್ಜಿ, ಇಟ್ಸ್ ಜಸ್ಟ್ ಎ ಲೀಫ್' ಎಂದು ಹೇಳಿ, ಆದರೂ ಜೋಪಾನವಾಗಿ ಕಿಸೆಯಲ್ಲಿಟ್ಟುಕೊಂಡಳು.

ಫೋನು ಬಿಟ್ಟು ಕಾಗದ ಯಾಕೆ ಅನ್ನುತ್ತೀರಿ. ಫೋನಿನಲ್ಲಿ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀವು ಮೂರು ಹೇಳುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ. ಐಶ್ವರ್ಯಾಳ ಗೆಳೆಯ ಧೀರಜ್ ನಾಳೆ ಹುಬ್ಬಳ್ಳಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಬೆಟಗೇರಿಯ ಆ ಮನೆ ಹಿಡಿಯೋಣವೇ, ಇಲ್ಲಿಯದೆಲ್ಲ ಮುಗಿಸಿ ಊರಿಗೇ ಬಂದುಬಿಡೋಣವೇ ಎಂದು ಕೇಳಿದ್ದಿರಿ. ತಿಂಗಳೊಳಗೆ ಆ ಮನೆಯವರಿಗೆ ಮಾತು ಕೊಡಬೇಕೆಂದೂ ಹೇಳಿದ್ದಿರಿ. 'ನಂಗೇನು, ಸೈಕಲ್ ಅದ, ರಸ್ತೆ ಅದ. ನಿನಗ ಅಲ್ಲಿ ಮಾತಾಡಾಕ ಯಾರೂ ಇಲ್ಲ. ನಿನ್ನ ಸಲುವಾಗಿ ಹೊಳ್ಳಿ ಬಂದುಬಿಡೂಣು' ಎಂದಾಗ, ಒಲೆಯ ಮೇಲೆ ಹಾಲಿದೆ ಎಂದು ಫೋನು ಇಟ್ಟುಬಿಟ್ಟಿದ್ದೆ. ಈಗ ಉತ್ತರ ಸಿಕ್ಕಿದೆ. ಆದರೆ ಅದಕ್ಕೆ ಮೊದಲು ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಗಾಬರಿಯಾಗಬೇಡಿ, ನಿಮ್ಮ ಸೈಕಲ್ಲು ಕ್ಷೇಮ. ನಿಮ್ಮ ಗೆಳೆಯ ಕಾಲಿನ್ ಕೂಡ ಕ್ಷೇಮ.

ಖಂಡೆ ಪೂಜೆಯ ದಿನ ಎಂದಿನಂತೆ ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಮಿಕ್ಸರ್, ಮಗಳ ಸ್ಟೆತಸ್ಕೋಪು, ಕಾರು ಎಲ್ಲದಕ್ಕೂ ವಿಭೂತಿ ಹಚ್ಚಿ ಹೂವಿಟ್ಟೆ. ಗ್ಯಾರೇಜಿನಲ್ಲಿ ನಿಮ್ಮ ಸೈಕಲ್ಲೊಂದೇ ಗೋಡೆಗೆ ಒರಗಿ ನಿಂತಿತ್ತು. ಮುಟ್ಟಬೇಡ ಎಂದು ಹೇಳಿಹೋಗಿದ್ದಿರಿ, ಇಲ್ಲವೆನ್ನುವುದಿಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ಹಬ್ಬದಲ್ಲಿ ಮಿಕ್ಸರಿಗೆ ಪೂಜೆಯಾಗಿ ಮನೆಯ ಯಜಮಾನರ ವಾಹನಕ್ಕೆ ಇಲ್ಲವೆಂದರೆ ಹೇಗೆ? ಚಕ್ರಗಳ ನಡುವೆ ತೂತುತೂತಿನ ಎರಡು ಸಣ್ಣ ತಟ್ಟೆಗಳಿವೆಯಲ್ಲ, ಅವು ಸಮುದ್ರದ ಗಾಳಿಗೆ ಮಂಕಾಗಿ ಕಂಡವು. ಈಳಿಗೆಗೆ ಹಚ್ಚಿ ಉಳಿದಿದ್ದ ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಎರಡನ್ನೂ ತಿಕ್ಕಿದೆ. ಮುಖ ಕಾಣುವ ಹಾಗೆ ಹೊಳೆದವು. ಬ್ರೇಕು ಹಿಡಿಯುವುದು ಆ ತಟ್ಟೆಗಳನ್ನೇ ಎಂದು ಇಲ್ಲಿಗೆ ಬಂದ ನಾಲ್ಕು ವರ್ಷದಲ್ಲಿ ನೀವು ಒಮ್ಮೆಯಾದರೂ ಹೇಳಿದ್ದಿರಾ?

ಇನ್ನರ್ಧ ತಪ್ಪು ನಿಮ್ಮದು. ಕಾಲಿನ್‌ನ ಸೈಕಲ್ಲು ಮುರಿದಿದೆ ಎಂದು ಕೇಳಿ, ನನ್ನದನ್ನು ಒಯ್ಯಿ ಎಂದು ಗದಗಿನಿಂದ ಮೆಸೇಜ್ ಕಳಿಸಿದವರು ಯಾರು? ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಜನ್ಮವೆಲ್ಲ ಕುರಿಯ ಉಣ್ಣೆ ಕತ್ತರಿಸಿದವನು, ಸೈಕಲ್ ಹತ್ತುವಾಗ ಗಾಳಿಯ ಸದ್ದು ಬೇಡವೆಂದು ಕಿವಿಯ ಯಂತ್ರ ತೆಗೆದಿಡುವವನು. ಶನಿವಾರ ಬೆಳಿಗ್ಗೆ ಅವನು ಬಂದು ಸೈಕಲ್ಲಿನ ಹ್ಯಾಂಡಲಿನ ಮೇಲಿದ್ದ ವಿಭೂತಿ ಕಂಡು ಬಹಳ ಸಂತೋಷಪಟ್ಟ. ಅವನ ಹಿಂದೆಯೇ ನಿಮ್ಮ ಶನಿವಾರದ ಸೈಕಲ್ ತಂಡದ ನಾಯಕಿ ಜೋನ್ ಬಂದಳು. ನೀರು, ಬಾಳೆಹಣ್ಣು, ಟ್ಯೂಬು ಹೊತ್ತು ಹಿಂದಿನಿಂದ ಕಾರು ತರುವ ಅವಳ ಗಂಡನಿಗೆ ಸೊಂಟ ಹಿಡಿದಿತ್ತಂತೆ. ನೀನು ಕಾರು ತರುತ್ತೀಯಾ ಎಂದಳು. 'ಅಂಗಡಿ ತನಕ ಓಡಿಸು, ಘಟ್ಟ ನಿನ್ನ ಕೈಲೆ ಆಗೂದಿಲ್ಲ' ಎಂದು ನೀವು ಹೇಳಿದ್ದು ನೆನಪಾಯಿತು. ಕೂಡಲೇ ಹೂಂ ಅಂದೆ.

ಆ ದಾರಿಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ, ಆದರೆ ಬಾಯಿಪಾಠವಾಗಿತ್ತು. ಲೋಕೋಪಯೋಗಿ ಇಲಾಖೆ ನಿಮ್ಮನ್ನು ನಿವೃತ್ತಿ ಮಾಡಿತೇ ಹೊರತು ನೀವು ಇಲಾಖೆಯನ್ನು ಬಿಟ್ಟಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ನಾನು ರೊಟ್ಟಿ ಬಡಿಸಿದರೆ ನೀವು ರಸ್ತೆ ಬಡಿಸಿದಿರಿ. ಬಂದರಿನ ದಂಡೆಗುಂಟ ಬ್ಯಾರೀಸ್ ಬೇ ತನಕ ಏರಿಳಿತ, ಅಲ್ಲಿಂದ ಹಿಲ್‌ಟಾಪ್‌ಗೆ ಉಸಿರು ಕೀಳುವ ಏರು, ಆಮೇಲೆ ಗುಡ್ಡದ ನೆತ್ತಿಯ ಮೇಲೆ ಸಮಿಟ್ ರೋಡು, ಕೊನೆಗೆ ನಮ್ಮ ಊರಿಗೆ ಕಡಿದಾದ ಇಳಿತ. ಒಂದೊಂದು ತಿರುವಿಗೂ ನಿಮ್ಮ ವರದಿ ಇತ್ತು. 'ಏಳನೇ ತಿರುವಿನ ಮುಂದ ಎಡಕ್ಕ ಒಂದು ಫಾರ್ಮಿನ ದಾರಿ ಮ್ಯಾಲಕ್ಕ ಹೋಗತದ. ಬ್ರೇಕ್ ಫೇಲ್ ಆದವರಿಗೆ ಅದೇ ದೇವರು' ಎಂದು ನೀವು ಹೇಳಿದಾಗ ನಾನು ಬದನೆಕಾಯಿ ಪಲ್ಯ ಬಡಿಸುತ್ತ ಹೂಂಗುಟ್ಟಿದ್ದೆ.

ದಂಡೆಯ ಸಣ್ಣ ಏರಿಳಿತದಲ್ಲಿ, ಘಟ್ಟ ಏರುವಾಗ ಬ್ರೇಕು ಯಾರಿಗೆ ಬೇಕು? ಹಿಲ್‌ಟಾಪ್‌ನಲ್ಲಿ ಎಲ್ಲರೂ ನನ್ನ ಶೇಂಗಾ ಹೋಳಿಗೆ ತಿಂದು, ಇಷ್ಟು ದಿನ ಆ ಮನುಷ್ಯ ಒಬ್ಬನೇ ತಿನ್ನುತ್ತಿದ್ದನೇ ಎಂದು ನಿಮ್ಮನ್ನು ಬೈದರು. ಆಮೇಲೆ ನೆತ್ತಿಯ ರಸ್ತೆ. ಒಂದು ಕಡೆ ಕೆಳಗೆ ನಮ್ಮ ಬಂದರು, ಇನ್ನೊಂದು ಕಡೆ ಕೊನೆಯಿಲ್ಲದ ಸಮುದ್ರ, ನಡುವೆ ಹುಟ್ಟಿ ವಾರವೂ ಆಗದ ಕುರಿಮರಿಗಳು. ನೀವು ಇಳಿಜಾರು ಎಷ್ಟು ಎಂದು ಹೇಳಿದಿರಿ, ಚರಂಡಿ ಎಲ್ಲಿ ಎಂದು ಹೇಳಿದಿರಿ. ಇಷ್ಟು ಚೆಂದ ಇದೆ ಎಂದು ಯಾಕೆ ಹೇಳಲಿಲ್ಲ? ಕಾರಿನಲ್ಲಿ ಒಬ್ಬಳೇ ಕುಳಿತು ಸ್ವಲ್ಪ ಅತ್ತೆ, ಸುಳ್ಳು ಯಾಕೆ ಹೇಳಲಿ.

ಅಳು ಮುಗಿಯುವುದರೊಳಗೆ ಇಳಿತ ಶುರುವಾಯಿತು. ಎಣ್ಣೆ ಕಾಣದ ನೂರು ಬಾಗಿಲುಗಳು ಒಮ್ಮೆಲೇ ತೆರೆದಂತೆ ಸದ್ದು ಬಂತು. ಇಲ್ಲಿ ಎಣ್ಣೆ ಕಂಡದ್ದೇ ಕಾರಣವೆಂದು ನನಗೆ ಆಗ ತಿಳಿಯಲಿಲ್ಲ. ಕಾಲಿನ್ ಎರಡೂ ಬ್ರೇಕು ಹಿಡಿದು ಹಲ್ಲು ಕಚ್ಚಿಕೊಂಡು ಹೋಗುತ್ತಿದ್ದ. ಸೈಕಲ್ಲು ಮಾತ್ರ ನಿಲ್ಲುತ್ತಿರಲಿಲ್ಲ. ಜೋನ್‌ಳನ್ನೂ ದಾಟಿದ. ಹದಿನೈದು ವರ್ಷದಲ್ಲಿ ಅವಳನ್ನು ಯಾರೂ ಇಳಿತದಲ್ಲಿ ದಾಟಿರಲಿಲ್ಲವಂತೆ, ಅವಳಿಗೆ ಮೊದಲು ಬಂದದ್ದು ಸಿಟ್ಟು. ನಾನು ತಿರುವು ಎಣಿಸತೊಡಗಿದೆ. ನಾಲ್ಕು, ಐದು. ಹಾರ್ನ್ ಹೊಡೆದೆ, ಕಿವಿ ಕೇಳದವನಿಗೆ ಹಾರ್ನ್ ಏನು ಮಾಡೀತು? ಎದುರಿಗೆ ಯಾರೂ ಇಲ್ಲವೆಂದು ನೋಡಿ, ಅವನನ್ನು ದಾಟಿ ಮುಂದಾದೆ. ಏಳನೇ ತಿರುವು ಕಳೆದದ್ದೇ ಎಡಗಡೆಯ ಇಂಡಿಕೇಟರ್ ಹಾಕಿ, ಕಿಟಕಿಯಿಂದ ಕೈ ಚಾಚಿ, ಕಾರಿನ ನೆತ್ತಿಯ ಮೇಲಿಂದ ಎಡಕ್ಕೆ ತೋರಿಸುತ್ತ ಫಾರ್ಮಿನ ದಾರಿಗೆ ನುಗ್ಗಿದೆ. ಬಾಯಲ್ಲಿ ಇಂಗ್ಲಿಷ್ ಬರಲಿಲ್ಲ. 'ಎಡಕ್ಕ ಹೊಳ್ಳೋ ನನ್ನಪ್ಪಾ' ಎಂದು ಕೂಗಿದೆ.

ಹೊಳ್ಳಿದ. ನನ್ನ ಕಾರಿನ ಹಿಂದೆಯೇ ಏರು ಹತ್ತಿ, ವೇಗ ಇಳಿದು, ಕುರಿಗಳ ನಡುವೆ ಹುಲ್ಲಿನ ಮೇಲೆ ಮೆಲ್ಲಗೆ ಒರಗಿದ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿಲ್ಲ. ಮಗಳು ಪಟ್ಟಿ ಕಟ್ಟಿದಳು, ನನ್ನನ್ನು ಬೈದಳು. ಸೈಕಲ್ ರಿಪೇರಿಯವನು ಚಕ್ರ ಮೂಸಿ ನೋಡಿ, ಇದರ ಮೇಲೆ ಯಾರು ಅಡುಗೆ ಮಾಡಿದರು ಎಂದು ಕೇಳಿದ. ಆಗ ನಾನು ಎಲ್ಲರೆದುರು ನಡೆದದ್ದನ್ನು ಹೇಳಿದೆ. ಕಾಲಿನ್ ಕಿವಿಯ ಯಂತ್ರ ಸಿಕ್ಕಿಸಿಕೊಂಡು ಪೂರ್ತಿ ಕೇಳಿ, 'ನೀಲಾ, ನಿನ್ನ ಪೂಜೆ ಫಲಿಸಿತು. ಜೋನ್‌ಳನ್ನು ಒಮ್ಮೆ ದಾಟಬೇಕೆಂದು ಹದಿನೈದು ವರ್ಷದಿಂದ ಆಸೆಯಿತ್ತು' ಎಂದ. ಜೋನ್ ತನ್ನ ಗಂಡ ಕಾರು ತರುವಾಗ ತೊಡುವ ಹಳದಿ ಜಾಕೆಟ್ಟನ್ನು ನನ್ನ ತೊಡೆಯ ಮೇಲಿಟ್ಟಳು. ಬರುವ ಶನಿವಾರ ಏಳೂವರೆಗೆ ತಯಾರಿರಬೇಕಂತೆ. ಜಾಕೆಟ್ಟು ನನಗೆ ದೊಡ್ಡದು, ತೋಳು ಮಡಚಿ ಹೊಲಿದುಕೊಂಡಿದ್ದೇನೆ.

ಹೊಸ ಬ್ರೇಕು ಹಾಕಿಸಿದ್ದೇನೆ. ಸೈಕಲ್ಲನ್ನು ಇನ್ನು ಮುಟ್ಟುವುದಿಲ್ಲ. ಬರುವ ವರ್ಷ ದೂರದಿಂದ ಊದುಬತ್ತಿ ಬೆಳಗುತ್ತೇನೆ, ಅಷ್ಟೇ. ನಿಮ್ಮ ತಂಗಿಗೆ ಶರಣು, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ಅವಳು ಎರಡನೇ ಹೋಳಿಗೆ ಹಾಕಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ.

ನಿಮ್ಮ
ನೀಲಗಂಗಾ

ತಾ.ಕ.: ಕಾಗದ ಒಯ್ಯಲು ಬಂದ ಧೀರಜ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದಾನೆ. ಬೆಟಗೇರಿಯವರಿಗೆ ಮನೆ ಬೇಡ ಎಂದು ಹೇಳಿಬಿಡಿ. ನನಗೆ ಇಲ್ಲಿ ಬೇಸರ ಎಂದು ನೀವು ತಿಳಿದದ್ದು ಸುಳ್ಳಲ್ಲ. ಪ್ರತಿ ಶನಿವಾರ ನಿಮ್ಮನ್ನು ಸೈಕಲ್ಲಿನ ಮೇಲೆ ಕಳಿಸಿ ಬಾಗಿಲು ಹಾಕಿಕೊಳ್ಳುವಾಗ ಬಹಳ ಬೇಸರವಾಗುತ್ತಿತ್ತು. ನಾಲ್ಕು ವರ್ಷದಲ್ಲಿ ನೀವು 'ನೀನೂ ಬಾ' ಅನ್ನಲಿಲ್ಲ, 'ನಾನೂ ಬರತೇನಿ' ಎಂದು ನಾನೂ ಅನ್ನಲಿಲ್ಲ. ಅದಕ್ಕೆ ಬೆಟಗೇರಿಯ ಮನೆ ಏನು ಮಾಡೀತು? ಬೇಗ ಬನ್ನಿ. ನೀವು ಮುಂದೆ ಹೋಗಿ, ನಾನು ಕಾರಿನಲ್ಲಿ ಹಿಂದೆ ಇರುತ್ತೇನೆ.