ಹದಿನೇಳನೇ ನಂಬರಿನ ಮುದ್ರೆ

ಮಾರ್ಚ್ ೧೨, ಗುರುವಾರ

ಸೋಮವಾರದಿಂದ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿದ್ದದ್ದು ಇವತ್ತು ನಿಂತಿತು.

ಅವತ್ತು ಕಾರ್ಖಾನೆಯಲ್ಲಿ ಅಭಿಪ್ರಾಯ ಬರೆಯಲು ಹಾಳೆ ಕೊಟ್ಟಿದ್ದರು. ಹೆಸರು ಬೇಡ, ಧೈರ್ಯವಾಗಿ ಬರೆಯಿರಿ ಎಂದಿದ್ದರು. ಬರೆದೆ: ಸಂಬಳ ಸಾಲದು, ಕೆಲಸ ಯಾವಾಗ ಹೋಗುತ್ತದೋ ಎಂಬ ಭಯ ತಪ್ಪಿಲ್ಲ, ನನ್ನ ತಲೆಮೇಲಿನ ಫ್ಯಾನು ತಿರುಗುವುದಿಲ್ಲ, ಮ್ಯಾನೇಜರ್ ನಗುವುದಿಲ್ಲ. ಬರೆದು ಮುಗಿಸಿ, ಪರೀಕ್ಷೆ ಮಾಡಿದ ಪ್ರತಿ ಅಂಗಿಯ ಚೀಟಿಗೆ ಒತ್ತುವಂತೆ ಕೆಳಗೆ ನನ್ನ ನಂಬರಾದ ಹದಿನೇಳರ ಮುದ್ರೆ ಒತ್ತಿಬಿಟ್ಟೆ. ಪೆಟ್ಟಿಗೆಗೆ ಹಾಕಿದ ಮೇಲೆ ಹೊಳೆಯಿತು.

ಇವತ್ತು ಮ್ಯಾನೇಜರ್ ನೆಟ್ಟಗೆ ನನ್ನ ಮೇಜಿಗೇ ಬಂದರು. ಹಿಂದೆ ಏಣಿ ಹೊತ್ತ ಎಲೆಕ್ಟ್ರಿಷಿಯನ್.

"ಹೆಸರು ಬೇಡ ಅಂದಿದ್ದೆ ಅಲ್ವೇನಮ್ಮಾ?"

"ಕೈ ಕೇಳಲಿಲ್ಲ ಸಾರ್."

"ಇನ್ನೂ ಐದಾರು ಜನ ಫ್ಯಾನು ಕೆಟ್ಟಿದೆ ಅಂತ ಬರೆದಿದ್ದಾರೆ. ಹೆಸರಿಲ್ಲ, ಯಾರ ಮೇಜಿನದು ಅಂತ ಹುಡುಕಲಿ?"

ಅವರು ನಗಲಿಲ್ಲ. ಆದರೆ ಫ್ಯಾನು ತಿರುಗಿದಾಗ ಅವರೂ ಸ್ವಲ್ಪ ಹೊತ್ತು ಗಾಳಿಗೆ ನಿಂತರು. ಈ ಬೇಸಿಗೆಯಲ್ಲಿ ಮೊದಲ ಸಲ ಬೆವರದೆ ಮನೆಗೆ ಬಂದಿದ್ದೇನೆ. ಮೈಯೆಲ್ಲ ಹಗುರ.

ಹೊರಡುವಾಗ ಪಕ್ಕದ ಮೇಜಿನವಳು ಇನ್ನೊಂದು ಹಾಳೆ ಕೇಳಿ ತಂದು, ತನ್ನ ಮುದ್ರೆಗೆ ಶಾಯಿ ಹಚ್ಚುತ್ತಿದ್ದಳು.

"ಫ್ಯಾನು ಆಮೇಲೆ," ಎಂದೆ, "ಸಂಬಳ ಮೊದಲು ಬರಿ."